ಓದುಗರ ಪ್ರಶ್ನೆ: ಟೇಪ್ ಓದುವಾಗ ದೋಷ ಬಂದರೆ ತಂತ್ರಾಂಶ ಏನು ಮಾಡಬೇಕು?

ಕಂಪ್ಯೂಟರ್ ಮಾಹಿತಿಯನ್ನು ಮ್ಯಾಗ್ನೆಟಿಕ್ ಟೇಪಿನಲ್ಲಿ ಇಟ್ಟುಕೊಂಡಿರುವ ಕೊಡಗಿನ ಕೆಲವು ಓದುಗರು ಕಳುಹಿಸಿದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಮೊದಲ ಪ್ರಶ್ನೆಯ ಉತ್ತರ ದೀರ್ಘವಾಗಿದೆ. ಉಳಿದವುಗಳ ಉತ್ತರ ಬಹುಮಟ್ಟಿಗೆ ಅದನ್ನೇ ಆಧರಿಸಿರುವುದರಿಂದ ಅದನ್ನು ಮೊದಲು ಓದಬೇಕೆಂದು ವಿನಂತಿ.

ಪ್ರಶ್ನೆ: ಹುತ್ತರಿ ಹಾಡು, ಬಾಳೋಪಾಟ್ ಮೊದಲಾದ ಕೊಡವ ಹಾಡುಗಳ ಧ್ವನಿಮುದ್ರಣಗಳನ್ನು ನಾವು ಎಲ್‌ಟಿಒ-5 (ಕಂಪ್ಯೂಟರ್ ಟೇಪಿನ ಒಂದು ಮಾದರಿಯ ಐದನೆಯ ಪೀಳಿಗೆ) ಟೇಪುಗಳಲ್ಲಿ ಇಟ್ಟಿದ್ದೇವೆ. ಅವನ್ನು ಡಿಸ್ಕಿಗೆ ಇಳಿಸಲು ನಾನೇ ಒಂದು ಪ್ರೋಗ್ರಾಂ ಬರೆದಿದ್ದೇನೆ. ಒಂದು ಟೇಪಿನ ನಡುವೆ ಓದುವ ದೋಷ ಬರುತ್ತಿದೆ. ಆಗ ಪ್ರೋಗ್ರಾಂ ಅದೇ ಬ್ಲಾಕನ್ನು (ಒಮ್ಮೆಗೆ ಬರೆದು ಓದುವ ಮಾಹಿತಿಯ ತುಂಡನ್ನು) ನೂರು ಸಲ ಓದಲು ಯತ್ನಿಸಿ, ಆಗದಿದ್ದರೆ ನಿಂತುಬಿಡುತ್ತದೆ. ರಾತ್ರಿಯೆಲ್ಲ ಅಲ್ಲೇ ಸಿಕ್ಕಿಕೊಂಡಿತ್ತು. ಎಷ್ಟು ಸಲ ಯತ್ನಿಸುವುದು ಸರಿ? (ಮಡಿಕೇರಿಯ ಓದುಗರು)

ಉತ್ತರ: ಮೊದಲ ಸುತ್ತಿನಲ್ಲಿ ಒಂದೇ ಸಲ ಮರಳಿ ಓದಿಸಿದರೆ ಸಾಕು, ಮತ್ತು ಆಗದಿದ್ದರೆ ನಿಲ್ಲಬಾರದು, ಮುಂದಕ್ಕೆ ಹೋಗಬೇಕು. ಏಕೆಂದು ಹೇಳುತ್ತೇವೆ.

ನೂರು ಸಲ ಎಂಬುದು ಹಳೆಯ ಕಾಲದ ಯಂತ್ರಗಳಿಂದ ಬಂದಿರುವ ಅಭ್ಯಾಸ. 1952ರಲ್ಲಿ ಬಂದ ಐಬಿಎಂ 726ರಿಂದ ಹಿಡಿದು ಒಂಬತ್ತು ಟ್ರ್ಯಾಕಿನ ದೊಡ್ಡ ಸುರುಳಿಗಳ ಕಾಲದವರೆಗೂ ಡ್ರೈವ್‌ಗೆ, ಅಂದರೆ ಟೇಪನ್ನು ಓದಿ ಬರೆಯುವ ಯಂತ್ರಕ್ಕೆ, ಸ್ವಂತ ವಿವೇಚನೆ ಕಡಿಮೆಯಿತ್ತು. ಓದಿದ್ದು ಪ್ಯಾರಿಟಿಗೆ (ತಪ್ಪು ಪತ್ತೆಹಚ್ಚಲು ಜೊತೆಯಲ್ಲೇ ಬರೆದ ತಪಾಸಣೆಯ ಬಿಟ್‌ಗೆ) ಹೊಂದದಿದ್ದರೆ ಟೇಪನ್ನು ಒಂದು ಬ್ಲಾಕ್ ಹಿಂದಕ್ಕೆ ಸರಿಸಿ ಮತ್ತೆ ಓದಿಸುವುದು, ಕೆಲವು ಯತ್ನಗಳ ಬಳಿಕ ಇನ್ನೂ ಹಿಂದಕ್ಕೆ ಎಳೆದು ಹೆಡ್ (ಟೇಪಿಗೆ ತಾಗಿ ಓದುವ ಭಾಗ) ಪಕ್ಕದ ಸ್ವಚ್ಛಗೊಳಿಸುವ ಅಲಗಿನ ಮೇಲೆ ಹಾಯಿಸಿ ದೂಳು ಉದುರಿಸುವುದು, ಆಮೇಲೆ ಪುನಃ ಓದಿಸುವುದು, ಇವೆಲ್ಲವನ್ನೂ ಕಂಪ್ಯೂಟರಿನ ತಂತ್ರಾಂಶವೇ ಒಂದೊಂದಾಗಿ ಹೇಳಿ ಮಾಡಿಸಬೇಕಾಗಿತ್ತು. ಆಗ ಹತ್ತಾರು ಸಲದ ಮರುಓದಿಗೆ ಅರ್ಥವಿತ್ತು.

ಎಲ್‌ಟಿಒ ಡ್ರೈವ್‌ನಲ್ಲಿ ಈ ಕೆಲಸ ಪೆಟ್ಟಿಗೆಯ ಒಳಗೇ ನಡೆದುಹೋಗುತ್ತದೆ. ಬರೆಯುವಾಗಲೇ ಅದು ಬರೆದದ್ದನ್ನು ಒಡನೆ ಓದಿ ನೋಡಿ, ಸರಿಯಿಲ್ಲದ ತುಣುಕನ್ನು ಟೇಪಿನ ಮುಂದಿನ ಜಾಗದಲ್ಲಿ ಇನ್ನೊಮ್ಮೆ ಬರೆದಿರುತ್ತದೆ. ಓದುವಾಗ ಎರಡು ಹಂತದ ರೀಡ್-ಸಾಲಮನ್ ತಿದ್ದುಪಡಿ (ಜೊತೆಗೆ ಬರೆದ ಹೆಚ್ಚುವರಿ ಮಾಹಿತಿಯಿಂದ ತಪ್ಪನ್ನು ಲೆಕ್ಕಹಾಕಿ ಸರಿಪಡಿಸುವ ವಿಧಾನ) ನಡೆಯುತ್ತದೆ. ಅದೂ ಸಾಲದೆ ಹೋದರೆ ಡ್ರೈವ್ ತಾನಾಗಿಯೇ ಹಿಂದೆ ಸರಿದು, ವೇಗ ಬದಲಿಸಿ, ಹೆಡ್ಡನ್ನು ಅತಿ ಸಣ್ಣ ಪ್ರಮಾಣದಲ್ಲಿ ಅತ್ತಿತ್ತ ಮಾಡಿ ಹಲವು ಬಾರಿ ಓದುತ್ತದೆ. ಎಲ್‌ಟಿಒ-5ಕ್ಕೆ ತಯಾರಕರು ಕೊಡುವ ತಿದ್ದಲಾಗದ ದೋಷದ ಪ್ರಮಾಣ 10ರ ಘಾತ 17 ಬಿಟ್‌ಗಳಿಗೆ ಒಂದು. ಹೀಗಾಗಿ ‘ಓದಲಾಗಲಿಲ್ಲ’ ಎಂಬ ಉತ್ತರ ನಿಮ್ಮ ಪ್ರೋಗ್ರಾಂಗೆ ತಲುಪುವ ಹೊತ್ತಿಗೆ ಡ್ರೈವ್ ತನಗೆ ಗೊತ್ತಿರುವ ಉಪಾಯಗಳನ್ನೆಲ್ಲ ಮಾಡಿ ಮುಗಿಸಿರುತ್ತದೆ. ಅದರ ಮೇಲೆ ನೀವು ನೂರು ಸಲ ಕೇಳಿದರೆ ಆ ಎಲ್ಲ ಉಪಾಯಗಳೂ ನೂರು ಸಲ ನಡೆಯುತ್ತವೆ, ಟೇಪಿನ ಅದೇ ಕೆಲವು ಅಂಗುಲ ಹೆಡ್ ಮೇಲೆ ಸಾವಿರಾರು ಸಲ ಉಜ್ಜುತ್ತದೆ. ಪದರ ಸಡಿಲವಾಗಿರುವ ಜಾಗವಾದರೆ ಇನ್ನಷ್ಟು ಕಿತ್ತುಬರುತ್ತದೆ, ಕಿತ್ತುಬಂದದ್ದು ಹೆಡ್‌ಗೆ ಅಂಟಿ ಮುಂದಿನ ಒಳ್ಳೆಯ ಭಾಗವನ್ನೂ ಓದಲಾಗದಂತೆ ಮಾಡುತ್ತದೆ.

ಆದ್ದರಿಂದ ಕೆಲಸವನ್ನು ಸುತ್ತುಗಳಾಗಿ ಮಾಡಿ. ಅರೇಬಿಕಾ ತೋಟದಲ್ಲಿ ಹಣ್ಣಾದದ್ದನ್ನು ಮೊದಲು ಕೊಯ್ದು, ಉಳಿದದ್ದಕ್ಕೆ ಆಮೇಲೆ ಮರಳಿ ಬರುವಂತೆಯೇ ಇದೂ. ಮೊದಲ ಸುತ್ತಿನಲ್ಲಿ ದೋಷ ಕಂಡ ಬ್ಲಾಕನ್ನು ಒಮ್ಮೆ ಮರುಓದಿ, ಬರದಿದ್ದರೆ ಅದರ ಸಂಖ್ಯೆಯನ್ನು ಗುರುತು ಮಾಡಿ ಮುಂದಿನ ಬ್ಲಾಕಿಗೆ ಹೋಗಬೇಕು. ಮುಂದಿನದೂ ಬರದಿದ್ದರೆ ಎರಡು, ನಾಲ್ಕು, ಎಂಟು ಬ್ಲಾಕ್ ಹೀಗೆ ಜಿಗಿತವನ್ನು ದ್ವಿಗುಣಗೊಳಿಸುತ್ತಾ ಒಳ್ಳೆಯ ಜಾಗ ಸಿಗುವವರೆಗೆ ಹೋಗಿ, ಅಲ್ಲಿಂದ ಓದು ಮುಂದುವರಿಸಬೇಕು. ಟೇಪಿನ ಕೊನೆಯವರೆಗೆ ಸುಲಭವಾಗಿ ಬರುವುದೆಲ್ಲ ಡಿಸ್ಕಿಗೆ ಬಂದ ಬಳಿಕವೇ ಬಿಟ್ಟುಹೋದ ಜಾಗಗಳಿಗೆ ಮರಳಬೇಕು. ಎರಡನೆಯ ಸುತ್ತಿನಲ್ಲಿ ಎರಡು ಮೂರು ಯತ್ನ ಮಾಡಬಹುದು, ಆದರೆ ಪ್ರತಿ ಯತ್ನವೂ ಹಿಂದಿನದಕ್ಕಿಂತ ಬೇರೆಯಾಗಿರಬೇಕು. ಒಮ್ಮೆ ಪಕ್ಕದ ಬ್ಲಾಕಿನಿಂದ ಬಂದು ಓದಿ. ಇನ್ನೊಮ್ಮೆ ಟೇಪನ್ನು ಆರಂಭದವರೆಗೆ ಸುತ್ತಿಸಿ ದೂರದಿಂದ ಬಂದು ಓದಿ. ಮಗದೊಮ್ಮೆ, ಡ್ರೈವ್ ತಾನಾಗಿ ಕೊಡುವ ಟೇಪ್‌ಅಲರ್ಟ್ ಎಂಬ ಎಚ್ಚರಿಕೆಯ ಸೂಚನೆಯಲ್ಲಿ ಸ್ವಚ್ಛತೆ ಬೇಕೆಂದು ಕೇಳಿದ್ದರೆ, ಕ್ಲೀನಿಂಗ್ ಕಾರ್ಟ್ರಿಜ್ ಹಾಕಿ ಓದಿ. ಕೇಳದೆ ಪದೇಪದೇ ಕ್ಲೀನಿಂಗ್ ಕಾರ್ಟ್ರಿಜ್ ಹಾಕುವುದು ಹೆಡ್‌ಗೆ ಒಳ್ಳೆಯದಲ್ಲ, ಅದೂ ಉಜ್ಜುವ ವಸ್ತುವೇ. ಕಡೆಯದಾಗಿ ಬೇರೆ ಡ್ರೈವ್‌ನಲ್ಲಿ ಓದಿಸಿ ನೋಡಿ. ಒಂದು ಡ್ರೈವ್‌ಗೆ ಬಾರದ್ದು ಇನ್ನೊಂದಕ್ಕೆ ಸರಾಗವಾಗಿ ಬರುವುದು ಅಪರೂಪವಲ್ಲ. ನಿಮ್ಮ ಟೇಪನ್ನು ಎಲ್‌ಟಿಒ-5, 6 ಮತ್ತು 7ರ ಡ್ರೈವ್‌ಗಳು ಓದಬಲ್ಲವು. ಎಲ್‌ಟಿಒ-8 ಓದುವುದಿಲ್ಲ, ಹೊಸದನ್ನು ಕೊಳ್ಳುವಾಗ ಇದು ನೆನಪಿರಲಿ.

ಇನ್ನು ನಿಮ್ಮ ಪ್ರೋಗ್ರಾಂ ‘ದೋಷ’ ಎಂದು ಯಾವುದನ್ನು ಕರೆಯುತ್ತದೆ ಎಂಬುದು ಮುಖ್ಯ, ನಮ್ಮ ಎಣಿಕೆಯಲ್ಲಿ ಯತ್ನದ ಸಂಖ್ಯೆಗಿಂತಲೂ ಮುಖ್ಯ. ಓದು ನಿಂತಿತೆಂದ ಮಾತ್ರಕ್ಕೆ ಟೇಪ್ ಕೆಟ್ಟಿದೆ ಎಂದಲ್ಲ. ಸ್ಕಸಿ (ಕಂಪ್ಯೂಟರ್ ಮತ್ತು ಡ್ರೈವ್ ನಡುವಿನ ಆದೇಶಗಳ ಭಾಷೆ) ನಿಯಮದಂತೆ ಡ್ರೈವ್ ಪ್ರತಿ ವೈಫಲ್ಯದ ಜೊತೆ ಕಾರಣದ ಸಂಕೇತವೊಂದನ್ನು ಕೊಡುತ್ತದೆ. ಅದರ ಮುಖ್ಯ ಸಂಖ್ಯೆ 1 ಆಗಿದ್ದರೆ ದೋಷ ಬಂದಿತ್ತು, ಡ್ರೈವ್ ತಿದ್ದಿದೆ, ಬಂದ ಮಾಹಿತಿ ಸರಿಯಾಗಿಯೇ ಇದೆ ಎಂದರ್ಥ. ಅದನ್ನು ಎಸೆಯಬಾರದು, ಎಚ್ಚರಿಕೆ ಎಂದು ದಾಖಲಿಸಿ ಮುಂದುವರಿಯಬೇಕು. 3 ಆಗಿದ್ದರೆ ಟೇಪಿನದೇ ದೋಷ, ಮೇಲೆ ಹೇಳಿದ ಸುತ್ತುಗಳು ಬೇಕಾಗುವುದು ಇದಕ್ಕೆ. 4 ಆಗಿದ್ದರೆ ಯಂತ್ರದ ದೋಷ, ಆಗ ಟೇಪನ್ನು ಹೊರತೆಗೆಯುವುದೇ ಸರಿ. 8 ಬಂದರೆ ಬರೆದದ್ದು ಮುಗಿದಿದೆ, ಮುಂದೆ ಖಾಲಿ. ಇನ್ನು ಫೈಲ್‌ಮಾರ್ಕ್ (ಒಂದು ಫೈಲ್ ಮುಗಿಯಿತೆಂಬ ಗುರುತು) ಸಿಕ್ಕಿದಾಗಲೂ, ಕೇಳಿದ ಗಾತ್ರಕ್ಕೂ ಟೇಪಿನಲ್ಲಿರುವ ಬ್ಲಾಕಿನ ಗಾತ್ರಕ್ಕೂ ಹೊಂದದಿದ್ದಾಗಲೂ ಓದು ನಿಲ್ಲುತ್ತದೆ, ಇವು ದೋಷವೇ ಅಲ್ಲ. ಇವೆಲ್ಲಕ್ಕೂ ಒಂದೇ ಮದ್ದು ಎಂದು ಮರುಓದಿಗೆ ಹಚ್ಚುವ ಪ್ರೋಗ್ರಾಂಗಳೇ ಹೆಚ್ಚು, ಮತ್ತು ‘ನಮ್ಮ ಟೇಪ್ ಹಾಳಾಗಿದೆ’ ಎಂದು ಬರುವ ದೂರುಗಳಲ್ಲಿ ಕೆಲವು ಬರೀ ಬ್ಲಾಕ್ ಗಾತ್ರದ ತಪ್ಪಿನಿಂದ ಹುಟ್ಟಿದವು.

ನಿಗದಿತ ಗಾತ್ರದ ಬ್ಲಾಕುಗಳನ್ನು ಒಮ್ಮೆಗೆ ಹಲವು ಓದುತ್ತಿದ್ದರೆ ಇನ್ನೊಂದು ಸೂಕ್ಷ್ಮವಿದೆ. ಅರವತ್ತನಾಲ್ಕು ಬ್ಲಾಕ್ ಕೇಳಿ ನಲವತ್ತೊಂದನೆಯದರಲ್ಲಿ ದೋಷ ಬಂದರೆ ಮೊದಲ ನಲವತ್ತು ಈಗಾಗಲೇ ನಿಮ್ಮ ಬಫರಿಗೆ (ಓದಿದ್ದನ್ನು ತಾತ್ಕಾಲಿಕವಾಗಿ ಇಡುವ ಸ್ಮೃತಿಯ ಜಾಗಕ್ಕೆ) ಬಂದಿರುತ್ತವೆ, ಎಷ್ಟು ಉಳಿಯಿತೆಂಬುದನ್ನೂ ಡ್ರೈವ್ ತಿಳಿಸಿರುತ್ತದೆ. ಅದನ್ನು ನೋಡದೆ ಇಡೀ ಬಫರನ್ನೇ ಬಿಸಾಡುವ ಪ್ರೋಗ್ರಾಂ ಒಂದು ಬ್ಲಾಕಿನ ನಷ್ಟವನ್ನು ಅರವತ್ತನಾಲ್ಕಾಗಿ ಹೆಚ್ಚಿಸುತ್ತದೆ.

ಕಾಯುವ ಅವಧಿಯನ್ನೂ ನೋಡಿಕೊಳ್ಳಿ. ಡ್ರೈವ್ ಒಳಗೇ ನಡೆಯುವ ಮರುಯತ್ನಕ್ಕೆ ಹಲವು ನಿಮಿಷ ಹಿಡಿಯಬಹುದು. ಲಿನಕ್ಸ್ ಕಾರ್ಯವ್ಯವಸ್ಥೆಯಲ್ಲಿ ಡ್ರೈವ್ ನಡೆಸುವ ತಂತ್ರಾಂಶವಾದ ಟೇಪ್ ಡ್ರೈವರ್ ಸಾಮಾನ್ಯ ಆದೇಶಗಳಿಗೆ 900 ಸೆಕೆಂಡ್, ದೀರ್ಘ ಚಲನೆಗಳಿಗೆ 14000 ಸೆಕೆಂಡ್ ಕಾಯುವುದು ಸುಮ್ಮನೆ ಅಲ್ಲ. ಒಂದು ನಿಮಿಷದಲ್ಲಿ ಉತ್ತರ ಬರಲಿಲ್ಲವೆಂದು ಆದೇಶ ರದ್ದುಮಾಡಿ ಡ್ರೈವನ್ನು ರಿಸೆಟ್ ಮಾಡುವ ಪ್ರೋಗ್ರಾಂ, ಇನ್ನರ್ಧ ನಿಮಿಷದಲ್ಲಿ ಬರಬಹುದಾಗಿದ್ದ ಬ್ಲಾಕನ್ನು ತಾನೇ ಕಳೆದುಕೊಳ್ಳುತ್ತದೆ.

ದೋಷ ಕಂಡ ಜಾಗಗಳ ಪಟ್ಟಿಯನ್ನು ಡಿಸ್ಕಿನಲ್ಲಿ ಪ್ರತ್ಯೇಕ ಫೈಲಾಗಿ ಇಡಿ, ಪ್ರೋಗ್ರಾಂ ನಡುವೆ ನಿಂತರೂ ಮರುದಿನ ಅಲ್ಲಿಂದಲೇ ಮುಂದುವರಿಯುವಂತಿರಲಿ. ಆ ಪಟ್ಟಿಗೆ ಇನ್ನೊಂದು ಉಪಯೋಗವಿದೆ. ಎಲ್‌ಟಿಒ-5 ಟೇಪಿನ ಉದ್ದ 846 ಮೀಟರ್, ಅದರಲ್ಲಿ 1280 ಟ್ರ್ಯಾಕುಗಳಿವೆ. ಒಮ್ಮೆಗೆ 16 ಟ್ರ್ಯಾಕ್ ಓದುವುದರಿಂದ ಪೂರ್ತಿ ಓದಲು ಟೇಪ್ ತುದಿಯಿಂದ ತುದಿಗೆ 80 ಸಲ, ಅಂದರೆ 40 ಸಲ ಹೋಗುತ್ತಾ 40 ಸಲ ಮರಳುತ್ತಾ, ಹಾಯಬೇಕು. 1.5 ಟೆರಾಬೈಟನ್ನು 80ರಿಂದ ಭಾಗಿಸಿದರೆ ಒಂದು ಹಾಯುವಿಕೆಗೆ ಸುಮಾರು 18.75 ಗಿಗಾಬೈಟ್. ಟೇಪಿನ ಒಂದು ಜಾಗದಲ್ಲಿ ಅಡ್ಡಕ್ಕೆ ಮಡಿಕೆ ಬಿದ್ದಿದ್ದರೆ ಪ್ರತಿ ಹಾಯುವಿಕೆಯಲ್ಲೂ ಅದು ಎದುರಾಗುತ್ತದೆ. ಆರಂಭದಿಂದ 5 ಗಿಗಾಬೈಟ್ ದೂರದಲ್ಲಿ ದೋಷ ಕಂಡರೆ, ಮರಳಿ ಬರುವಾಗ ಸುಮಾರು 32.5ರಲ್ಲಿ, ಮತ್ತೆ ಹೋಗುವಾಗ 42.5ರಲ್ಲಿ ಕಾಣಬೇಕು. ಪಟ್ಟಿಯಲ್ಲಿ ಈ ತಾಳ ಕಂಡರೆ ಟೇಪಿಗೆ ಪೆಟ್ಟಾಗಿದೆಯೆಂದೂ, ಮುಂದಿನ ದೋಷಗಳು ಎಲ್ಲಿ ಬರಲಿವೆಯೆಂದೂ ತಿಳಿಯಬಹುದು. ದೋಷಗಳು ಎಲ್ಲೆಂದರಲ್ಲಿ ಹರಡಿಕೊಂಡಿದ್ದು, ಬೇರೆ ಟೇಪ್ ಹಾಕಿದರೂ ಬರುತ್ತಿದ್ದರೆ ಟೇಪಿನ ಬದಲು ಹೆಡ್ಡನ್ನು ಅನುಮಾನಿಸಿ. ಡ್ರೈವ್‌ನ ಕಂಪ್ರೆಶನ್ ಚಾಲನೆಯಲ್ಲಿದ್ದರೆ ಈ ಲೆಕ್ಕ ಸ್ವಲ್ಪ ಅತ್ತಿತ್ತ ಆಗುತ್ತದೆ, ಟೇಪನ್ನು ಎರಡು ವಿಭಾಗ ಮಾಡಿದ್ದರೆ ಲೆಕ್ಕವೇ ಬೇರೆ.

ಇದನ್ನೆಲ್ಲ ಶುರುಮಾಡುವ ಮೊದಲು ಕಾರ್ಟ್ರಿಜ್‌ನ ಬರಹ ತಡೆಯುವ ಕೆಂಪು ಗುಂಡಿಯನ್ನು ಸರಿಸಿಡಿ. ನಡುವೆ ಒಂದೇ ಒಂದು ಬ್ಲಾಕ್ ತಪ್ಪಿ ಬರೆದರೂ ಡ್ರೈವ್ ಅದರ ಮುಂದೆ ‘ಇಲ್ಲಿಗೆ ಮುಗಿಯಿತು’ ಎಂಬ ಗುರುತು ಹಾಕುತ್ತದೆ, ಅದರಾಚೆಯ ಹಾಡುಗಳು ಟೇಪಿನಲ್ಲಿದ್ದರೂ ಡ್ರೈವ್ ಅತ್ತ ಹೋಗುವುದಿಲ್ಲ.

ಪ್ರಶ್ನೆ: ಡ್ರೈವ್‌ಗೆ ನೇರವಾಗಿ ಸ್ಕಸಿ ಆದೇಶ ಕಳುಹಿಸುವ ಪ್ರೋಗ್ರಾಂ ಬಳಸುತ್ತಿದ್ದೇವೆ. ಮೊನ್ನೆ ಗಾಳಿಮಳೆಗೆ ಕರೆಂಟ್ ಹೋಗಿ ಬಂತು. ಕಂಪ್ಯೂಟರಿಗೆ ಯುಪಿಎಸ್ ಇದೆ, ಡ್ರೈವ್‌ಗೆ ಇರಲಿಲ್ಲ. ಪ್ರೋಗ್ರಾಂ ಒಂದು ದೋಷ ತೋರಿಸಿ, ಮರುಯತ್ನ ಮಾಡಿ ಯಶಸ್ವಿಯಾಗಿ ಮುಂದುವರಿಯಿತು. ಆದರೆ ಡಿಸ್ಕಿಗೆ ಬಂದ ಪ್ರತಿಯ ದ್ವಿತೀಯಾರ್ಧದಲ್ಲಿ ಮೊದಲಿನ ಫೈಲುಗಳೇ ಮತ್ತೆ ಬಂದಿವೆ. ಇದು ಹೇಗೆ? (ವಿರಾಜಪೇಟೆಯ ಓದುಗರು)

ಉತ್ತರ: ಕರೆಂಟ್ ಮರಳಿದಾಗ ಡ್ರೈವ್ ಒಳಗಿದ್ದ ಟೇಪನ್ನು ಆರಂಭಕ್ಕೆ ಸುತ್ತಿಕೊಂಡಿದೆ. ಬಳಿಕ ಬಂದ ಮೊದಲ ಆದೇಶಕ್ಕೆ ಅದು ಸಂಕೇತ 6ನ್ನು, ಅಂದರೆ ‘ಈ ನಡುವೆ ನನ್ನ ಸ್ಥಿತಿ ಬದಲಾಗಿದೆ, ಗಮನಿಸಿ’ ಎಂಬ ಸೂಚನೆಯನ್ನು, ಕೊಟ್ಟಿದೆ. ಈ ಸೂಚನೆಯನ್ನು ಡ್ರೈವ್ ಒಮ್ಮೆ ಮಾತ್ರ ಕೊಡುತ್ತದೆ. ನಿಮ್ಮ ಪ್ರೋಗ್ರಾಂ ಅದನ್ನು ಸಾಮಾನ್ಯ ದೋಷವೆಂದು ಬಗೆದು ಮತ್ತೆ ಓದು ಎಂದಿದೆ, ಡ್ರೈವ್ ವಿಧೇಯವಾಗಿ ಟೇಪಿನ ಮೊದಲ ಬ್ಲಾಕನ್ನು ಓದಿಕೊಟ್ಟಿದೆ. ಓದು ಯಶಸ್ವಿಯಾದದ್ದು ನಿಜ, ಆದರೆ ಓದಿದ್ದು ಬೇರೆ ಜಾಗವನ್ನು.

ನೋಡಿದರೆ ಇದು ಓದಲಾಗದ ಬ್ಲಾಕಿಗಿಂತ ಕೆಟ್ಟ ಪರಿಸ್ಥಿತಿ, ಏಕೆಂದರೆ ಅಲ್ಲಿ ಕಳೆದುಕೊಂಡದ್ದು ಇಷ್ಟೆಂದು ಗೊತ್ತಿರುತ್ತದೆ. ಯಾವುದೇ ದೋಷದ ನಂತರ, ಅದು ಎಷ್ಟೇ ಸಣ್ಣದಿರಲಿ, ಪ್ರೋಗ್ರಾಂ ತಾನು ಎಲ್ಲಿದ್ದೇನೆಂದು ಊಹಿಸಬಾರದು, ಡ್ರೈವನ್ನೇ ಕೇಳಬೇಕು. ಸ್ಥಾನ ತಿಳಿಸುವ ಆದೇಶ ಎಲ್ಲ ಎಲ್‌ಟಿಒ ಡ್ರೈವ್‌ಗಳಲ್ಲೂ ಇದೆ. ಉತ್ತರವಾಗಿ ಬಂದ ಬ್ಲಾಕ್ ಸಂಖ್ಯೆ ಪ್ರೋಗ್ರಾಂ ತಾನೇ ಎಣಿಸಿಟ್ಟ ಸಂಖ್ಯೆಗೆ ಹೊಂದದಿದ್ದರೆ, ಇರಬೇಕಾದ ಸಂಖ್ಯೆಗೆ ಟೇಪನ್ನು ಕಳುಹಿಸಿ, ಹಿಂದೆ ಸರಿಯಾಗಿ ಓದಿದ ಕೊನೆಯ ಬ್ಲಾಕನ್ನು ಇನ್ನೊಮ್ಮೆ ಓದಿ ಹೋಲಿಸಿ, ಆಮೇಲೆ ಮುಂದುವರಿಯಬೇಕು. ಟೇಪಿನ ದೋಷವಾದ ಮೇಲೂ ಹೀಗೆಯೇ ಮಾಡಿ. ಕೆಟ್ಟ ಬ್ಲಾಕಿನ ಹಿಂದೆ ನಿಂತಿದೆಯೋ ಮುಂದೆ ನಿಂತಿದೆಯೋ ಎಂದು ಊಹಿಸಿ ‘ಒಂದು ಹಿಂದಕ್ಕೆ’ ಎನ್ನುವ ಪ್ರೋಗ್ರಾಂ ಒಂದು ಒಳ್ಳೆಯ ಬ್ಲಾಕನ್ನು ಎರಡು ಸಲ ಬರೆದುಕೊಂಡು ಕೂರುತ್ತದೆ. ಲಿನಕ್ಸ್‌ನ ಟೇಪ್ ಡ್ರೈವರ್ ಮೂಲಕ ಓದಿದ್ದರೆ ರಿಸೆಟ್ ಆದ ಮೇಲೆ, ನೀವು ಟೇಪನ್ನು ಮತ್ತೆ ಒಂದು ನಿಶ್ಚಿತ ಜಾಗಕ್ಕೆ ಒಯ್ಯುವವರೆಗೂ, ಅದು ಓದಲು ಬಿಡುವುದಿಲ್ಲ. ನೇರ ಆದೇಶ ಕಳುಹಿಸುವವರು ಆ ಜವಾಬ್ದಾರಿಯನ್ನೂ ತಾವೇ ಹೊರಬೇಕು. ಡ್ರೈವನ್ನೂ ಯುಪಿಎಸ್‌ಗೆ ಸೇರಿಸಿ ಎಂದು ಬೇರೆ ಹೇಳಬೇಕಿಲ್ಲ.

ಪ್ರಶ್ನೆ: ಓದುವ ದೋಷಕ್ಕೆ ನಮ್ಮ ಮಳೆಗಾಲವೇ ಕಾರಣ ಎನ್ನುತ್ತಾರೆ. ಹಳೆಯ ಟೇಪುಗಳನ್ನು ಬಿಸಿ ಮಾಡಿದರೆ ಸರಿಹೋಗುತ್ತದೆ ಎಂದೂ ಕೇಳಿದ್ದೇನೆ. ಕಾಫಿ ಡ್ರೈಯರ್ ಪಕ್ಕದಲ್ಲಿ ಕೆಲವು ದಿನ ಇಡಬಹುದೇ? (ಸೋಮವಾರಪೇಟೆಯ ಓದುಗರು)

ಉತ್ತರ: ದಯವಿಟ್ಟು ಇಡಬೇಡಿ. ಬಿಸಿ ಮಾಡುವ ಚಿಕಿತ್ಸೆ ಇರುವುದು 1970 ಮತ್ತು 80ರ ದಶಕಗಳ ಕೆಲವು ಬಗೆಯ ಟೇಪುಗಳಿಗೆ. ಅವುಗಳ ಪಾಲಿಯುರೆಥೇನ್ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ, 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನಿಯಂತ್ರಿತ ಶಾಖದಲ್ಲಿ ಇಟ್ಟರೆ ಒಂದೆರಡು ಸಲ ಓದುವಷ್ಟು ಕಾಲ ಸುಧಾರಿಸುತ್ತದೆ. ನಿಮ್ಮಲ್ಲಿ ಹಳೆಯ ರೀಲ್ ಟೇಪಿನ ಮೂಲ ಮುದ್ರಣಗಳಿದ್ದರೆ ಅದನ್ನು ಅನುಭವಿಗಳಿಂದಲೇ ಮಾಡಿಸಬೇಕು. ಎಲ್‌ಟಿಒ ಟೇಪಿಗೆ ಇದು ಅನ್ವಯಿಸುವುದಿಲ್ಲ. ಅದನ್ನು ಬಿಸಿ ಮಾಡಿದರೆ ಪಟ್ಟಿಯೂ ಪ್ಲಾಸ್ಟಿಕ್ ಪೆಟ್ಟಿಗೆಯೂ ವಿರೂಪಗೊಳ್ಳಬಹುದು.

ಮಳೆಗಾಲದ ಮಾತು ಮಾತ್ರ ಅರ್ಧ ನಿಜ. ಎಲ್‌ಟಿಒ ಟೇಪನ್ನು ದೀರ್ಘಕಾಲ ಇಡಲು ಹೇಳಿರುವ ವಾತಾವರಣ 16ರಿಂದ 25 ಡಿಗ್ರಿ ಉಷ್ಣತೆ, ಶೇಕಡ 20ರಿಂದ 50 ಆರ್ದ್ರತೆ. ಉಷ್ಣತೆಯ ವಿಷಯದಲ್ಲಿ ಕೊಡಗು ಬಯಲುಸೀಮೆಗಿಂತ ಎಷ್ಟೋ ಮೇಲು. ಆದರೆ ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ ಪುಸ್ತಕದ ರಟ್ಟಿಗೂ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುವ ಮನೆಯಲ್ಲಿ ಆರ್ದ್ರತೆ ಆ ಮಿತಿಯೊಳಗೆ ಇರುವುದು ಸಾಧ್ಯವಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಸಾಧ್ಯವಿದ್ದರೆ ಆ ಕೋಣೆಗೆ ತೇವ ಹೀರುವ ಯಂತ್ರ ಹಾಕಿಸಿ. ಬೇರೆ ಊರಿನಿಂದ ತಂದ ಟೇಪನ್ನು ಡ್ರೈವ್ ಇರುವ ಕೋಣೆಯಲ್ಲಿ ಒಂದು ದಿನ ಇಟ್ಟ ಬಳಿಕವೇ ಓದಿಸಿ. ಬೂಷ್ಟು ಕಾಣುವ ಟೇಪನ್ನು ಯಾವ ಕಾರಣಕ್ಕೂ ಒಳ್ಳೆಯ ಡ್ರೈವ್‌ಗೆ ಹಾಕಬೇಡಿ. ಅದು ಹೆಡ್ ಮೂಲಕ ಮುಂದಿನ ಟೇಪಿಗೂ ದಾಟುತ್ತದೆ, ಆಮೇಲೆ ಯಾವ ತಂತ್ರಾಂಶವೂ ಉಪಯೋಗಕ್ಕೆ ಬರುವುದಿಲ್ಲ.

ಪ್ರಶ್ನೆ: ಎಲ್ಲ ಫೈಲುಗಳನ್ನು ಟಾರ್ ತಂತ್ರಾಂಶದಲ್ಲಿ ಒಂದೇ ಕಟ್ಟಾಗಿ ಕಟ್ಟಿ, ಜಿಜಿಪ್‌ನಲ್ಲಿ ಕುಗ್ಗಿಸಿ, ಒಂದೇ ಉದ್ದ ಫೈಲಾಗಿ ಟೇಪಿಗೆ ಬರೆದಿದ್ದೆವು. ನಡುವೆ ಒಂದು ಬ್ಲಾಕ್ ಹೋಗಿದೆ. ಉಳಿದದ್ದು ಸಿಗುತ್ತದೆಯೇ? (ಕುಶಾಲನಗರದ ಓದುಗರು)

ಉತ್ತರ: ಹೋದ ಬ್ಲಾಕಿನ ಹಿಂದಿನದು ಸಿಗುತ್ತದೆ. ಮುಂದಿನದರ ಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಜಿಜಿಪ್ ಬಿಡಿಸಲು ಹಿಂದಿನ 32 ಕಿಲೋಬೈಟ್ ಏನಿತ್ತೆಂದು ಗೊತ್ತಿರಬೇಕು, ನಡುವಿನಿಂದ ಶುರುಮಾಡಲು ಸ್ಪಷ್ಟ ಗುರುತುಗಳೂ ಅದರಲ್ಲಿಲ್ಲ. ಬಿಜಿಪ್2 ಬಳಸಿದ್ದರೆ ಅದು ಗರಿಷ್ಠ 900 ಕಿಲೋಬೈಟಿನ ಸ್ವತಂತ್ರ ತುಂಡುಗಳಾಗಿ ಕುಗ್ಗಿಸುವುದರಿಂದ ಕೆಟ್ಟ ತುಂಡನ್ನು ಬಿಟ್ಟು ಉಳಿದದ್ದನ್ನು ತೆಗೆಯಬಹುದಿತ್ತು.

ಕುಗ್ಗಿಸದ ಟಾರ್ ಆಗಿದ್ದರೆ ಚಿಂತೆಯೇ ಇರಲಿಲ್ಲ. ಅದರಲ್ಲಿ ಪ್ರತಿ ಫೈಲಿನ ಮುಂದೆ 512 ಬೈಟಿನ ತಲೆಬರಹ ಇರುತ್ತದೆ, ಈಗಿನ ಟಾರ್‌ಗಳಲ್ಲಿ ಅದರ 257ನೆಯ ಸ್ಥಾನದಲ್ಲಿ ‘ಯುಸ್ಟಾರ್’ ಎಂಬ ಗುರುತು ಇರುತ್ತದೆ. ಓದುವ ತಂತ್ರಾಂಶವು ಕಳೆದುಹೋದ ಬ್ಲಾಕಿನ ಜಾಗದಲ್ಲಿ ಅಷ್ಟೇ ಉದ್ದದ ಸೊನ್ನೆಗಳನ್ನು ತುಂಬಿದರೆ ಮುಂದಿನ ತಲೆಬರಹಗಳು ತಮ್ಮ ಜಾಗ ತಪ್ಪುವುದಿಲ್ಲ, ಸೊನ್ನೆಗಳನ್ನು ಕಡೆಗಣಿಸುವ ಆಯ್ಕೆ (--ignore-zeros) ಕೊಟ್ಟರೆ ಟಾರ್ ಒಂದೆರಡು ಫೈಲ್ ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಸೊನ್ನೆ ತುಂಬಿದ ಜಾಗಗಳ ಪಟ್ಟಿಯನ್ನು ಬಳಕೆದಾರರಿಗೆ ತೋರಿಸಲೇಬೇಕು. ತೋರಿಸದಿದ್ದರೆ ಹಾಡಿನ ನಡುವಿನ ಮೌನವನ್ನು ಹಾಡುಗಾರರ ವಿರಾಮವೆಂದು ಮುಂದಿನವರು ತಿಳಿದಾರು. ಮುಂದೆ ಬರೆಯುವಾಗ ಕಟ್ಟಿದ ಮೇಲೆ ಕುಗ್ಗಿಸುವ ಬದಲು ಒಂದೊಂದು ಫೈಲನ್ನು ಬೇರೆಬೇರೆಯಾಗಿ ಕುಗ್ಗಿಸಿ ಆಮೇಲೆ ಕಟ್ಟಿ. ಧ್ವನಿಮುದ್ರಣಕ್ಕೆ ಫ್ಲ್ಯಾಕ್ (ಗುಣಮಟ್ಟ ಕಳೆಯದೆ ಧ್ವನಿಯನ್ನು ಕುಗ್ಗಿಸುವ ರೂಪ) ಒಳ್ಳೆಯದು, ಅದರ ಪ್ರತಿ ತುಣುಕಿಗೂ ತನ್ನದೇ ತಪಾಸಣೆಯ ಸಂಖ್ಯೆ ಇರುತ್ತದೆ. ಮತ್ತು ಎರಡನೆಯ ಪ್ರತಿ ಇನ್ನೊಂದು ಟೇಪಿನಲ್ಲಿ, ಇನ್ನೊಂದು ಕಟ್ಟಡದಲ್ಲಿ ಇರಲಿ.

ಪ್ರಶ್ನೆ: ಈ ಕಾಲದಲ್ಲೂ ಟೇಪನ್ನು ನಂಬುವವರಿದ್ದಾರೆಯೇ? (ಗೋಣಿಕೊಪ್ಪಲಿನ ಓದುಗರು)

ಉತ್ತರ: ಇದ್ದಾರೆ. 2011ರ ಫೆಬ್ರವರಿಯಲ್ಲಿ ತಂತ್ರಾಂಶದ ದೋಷವೊಂದರಿಂದ ಜಿಮೇಲ್ ಬಳಕೆದಾರರ ಒಂದು ಸಣ್ಣ ಪಾಲಿನ ಪತ್ರಗಳು ಹಲವು ಪ್ರತಿಗಳಿಂದಲೂ ಅಳಿಸಿಹೋದಾಗ ಗೂಗಲ್ ಅವನ್ನು ಟೇಪಿನಿಂದಲೇ ಮರಳಿ ತಂದಿತು. 2021ರಲ್ಲಿ ಬಂದ ಎಲ್‌ಟಿಒ-9ರ ಒಂದು ಕಾರ್ಟ್ರಿಜ್ 18 ಟೆರಾಬೈಟ್ ಹಿಡಿಸುತ್ತದೆ.

ಪ್ರಶ್ನೆ: ದೋಷದಿಂದ ಚೇತರಿಸಿಕೊಳ್ಳುವ ಭಾಗವನ್ನು ಬರೆದಿದ್ದೇನೆ, ಆದರೆ ಪರೀಕ್ಷಿಸಲು ಕೆಟ್ಟ ಟೇಪ್ ನನ್ನಲ್ಲಿಲ್ಲ. ಒಂದನ್ನು ಬೇಕೆಂದೇ ಹಾಳುಮಾಡಬಹುದೇ? (ಪೊನ್ನಂಪೇಟೆಯ ಓದುಗರು)

ಉತ್ತರ: ಬೇಡ, ಸುಕ್ಕಾದ ಟೇಪ್ ಡ್ರೈವ್ ಒಳಗೆ ಸಿಕ್ಕಿಕೊಂಡರೆ ಡ್ರೈವ್ ಕೂಡ ಹೋಗುತ್ತದೆ. ನಿಮ್ಮ ಪ್ರೋಗ್ರಾಂಗೂ ಡ್ರೈವ್‌ಗೂ ನಡುವೆ ತೆಳುವಾದ ಒಂದು ಪದರ ಬರೆಯಿರಿ. ಡಿಸ್ಕಿನ ಒಂದು ಫೈಲನ್ನು ಅದು ಟೇಪಿನಂತೆ ಒಪ್ಪಿಸಲಿ, ನೀವು ಹೇಳಿದ ಬ್ಲಾಕಿನಲ್ಲಿ ನೀವು ಹೇಳಿದ ಸಂಕೇತವನ್ನು ಹಿಂತಿರುಗಿಸಲಿ. ಒಂದು ಸಲ ವಿಫಲವಾಗಿ ಎರಡನೆಯ ಸಲ ಓದಿಬರುವ ಬ್ಲಾಕ್, ಎಂದೂ ಬಾರದ ಬ್ಲಾಕ್, ಸಾಲಾಗಿ ಇಪ್ಪತ್ತು ಕೆಟ್ಟ ಬ್ಲಾಕ್, ಫೈಲ್‌ಮಾರ್ಕಿನ ಹಿಂದುಮುಂದಿನ ದೋಷ, ಟೇಪಿನ ಕಟ್ಟಕಡೆಯ ಬ್ಲಾಕಿನ ದೋಷ, ದೋಷದ ನಂತರ ಸ್ಥಾನವೇ ಬದಲಾಗಿರುವುದು, ಇವೆಲ್ಲವನ್ನೂ ಅದರಲ್ಲಿ ನಟಿಸಬಹುದು. ಲಿನಕ್ಸ್‌ನಲ್ಲಿ ಇಡೀ ಟೇಪ್ ಲೈಬ್ರರಿಯನ್ನೇ ಅನುಕರಿಸುವ ಎಂಎಚ್‌ವಿಟಿಎಲ್ ಎಂಬ ಮುಕ್ತ ತಂತ್ರಾಂಶವೂ ಇದೆ, ಆದೇಶಗಳ ಹಾದಿಯನ್ನು ಪರೀಕ್ಷಿಸಲು ಅದು ಸಾಕು. ಪ್ರತಿ ಪರೀಕ್ಷೆಯ ಕೊನೆಗೆ ಡಿಸ್ಕಿಗೆ ಬಂದ ಪ್ರತಿಯನ್ನು ಮೂಲದೊಂದಿಗೆ ಹೋಲಿಸಿ, ವ್ಯತ್ಯಾಸವಿರುವ ಜಾಗಗಳೂ ಪ್ರೋಗ್ರಾಂ ಬರೆದಿಟ್ಟ ದೋಷಪಟ್ಟಿಯ ಜಾಗಗಳೂ ಒಂದೇ ಆಗಿವೆಯೇ ನೋಡಿ. ಪಟ್ಟಿಯಲ್ಲಿಲ್ಲದ ವ್ಯತ್ಯಾಸ ಒಂದು ಕಂಡರೂ ಆ ಪ್ರೋಗ್ರಾಂ ಅನ್ನು ನಿಜವಾದ ಟೇಪಿನ ಮೇಲೆ ಓಡಿಸಬೇಡಿ.